ಕನ್ನಡಿ ಸುಳ್ಳು ಹೇಳುತ್ತೆ, ನಾಡಿ ಹೇಳೋಲ್ಲ!

ಗೆಳೆಯರೇ, ಈ ವಾರ ಮೇಜಿನ ಮೇಲೆ ಬಿದ್ದ ಕಾಗದಗಳ ರಾಶಿಯಲ್ಲಿ ಎರಡು ಕಾಗದ ನನ್ನ ನಿದ್ದೆ ಕೆಡಿಸಿದವು. ಬರೆದವರ ಹೆಸರನ್ನು ನಾನು ಅಚ್ಚು ಹಾಕಿಸೋಲ್ಲ. ಯಾಕೆ ಅಂತ ಓದ್ತಾ ಓದ್ತಾ ನಿಮಗೇ ತಿಳಿಯುತ್ತೆ.

ಮೊದಲನೆಯದು ತುಮಕೂರು ಕಡೆಯದು. "ಅಣ್ಣಾ, ನನಗೆ 19 ವರ್ಷ. ಇನ್ನು 2 ತಿಂಗಳಿಗೆ ನಮ್ಮ ಹೀರೋ ಹುಟ್ಟುಹಬ್ಬ. ಸಂಘದಿಂದ ಕಟೌಟ್ ನಿಲ್ಲಿಸ್ತಾ ಇದ್ದೀವಿ. ಅವತ್ತು ಕಟೌಟ್ ಪಕ್ಕ ಷರಟು ಬಿಚ್ಚಿ ನಿಂತು ಫೋಟೋ ಹೊಡೆಸ್ಕೋಬೇಕು. ತೋಳು ಈಗ ಹನ್ನೆರಡೂವರೆ ಇಂಚು, 16 ಆಗಬೇಕು. ಜಿಮ್ಮಿನಲ್ಲಿ ಒಬ್ಬರು 'ಒಂದು ಇಂಜೆಕ್ಷನ್ ಇದೆ, ಬೇಗ ಬರುತ್ತೆ' ಅಂತಾರೆ. ತಗೊಳ್ಳಲಾ?"

ಎರಡನೆಯದು ಗದಗಿನ ಕಡೆಯಿಂದ. "ಅಣ್ಣಾರ, ಅಪ್ಪು ಅವರು ಹೋದಾಗಿಂದ ನಮ್ಮವ್ವ ನನ್ನ ಗರಡಿಮನಿಗೆ ಕಳಸವಲ್ಲಳು. ದಿನಾ ಕಸರತ್ತು ಮಾಡೋ ಅಂಥವ್ರಿಗೇ ಹಿಂಗಾತು, ನಿನ್ನ ಪಾಡೇನು ಅಂತಾಳ. ಸುಮ್ನ ಕುಂತು ಕುಂತು ಹೊಟ್ಟಿ ಬಂದೈತಿ. ನಾ ಅವ್ವಗ ಏನು ಹೇಳ್ಲಿ?"

ಒಬ್ಬನಿಗೆ ಆತುರ, ಇನ್ನೊಬ್ಬನ ಮನೆಯಲ್ಲಿ ಹೆದರಿಕೆ. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದೆ. ಇಬ್ಬರೂ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಇಬ್ಬರೂ ಕೇಳಿಲ್ಲ. "ಈಗ, ಇವತ್ತು, ನನ್ನ ಮೈ ಎಷ್ಟು ಗಟ್ಟಿ ಇದೆ?" ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಕಸರತ್ತು ಶುರು ಮಾಡುವುದೂ ತಪ್ಪು, ಬಿಡುವುದೂ ತಪ್ಪು. ಈ ವಾರ ಅದನ್ನೇ ಮಾತಾಡೋಣ.

ಮೊದಲು ನನ್ನದೇ ಕಥೆ. ನಗಬೇಡಿ, ನನಗೂ ಒಂದು ಕಾಲದಲ್ಲಿ 20 ವರ್ಷ ಇತ್ತು! ಎದ್ದರೆ ಡಂಬೆಲ್, ಮಲಗೋ ಮುಂಚೆ ಡಂಬೆಲ್. ಎದೆ ಮತ್ತು ತೋಳು, ಕನ್ನಡಿಗೆ ಕಾಣೋದು ಇವೆರಡೇ ತಾನೆ? ಟೈಲರ್ ಹತ್ತಿರ ಷರಟಿನ ತೋಳು ಬೇಕೆಂದೇ ಬಿಗಿ ಮಾಡಿಸಿಕೊಳ್ಳುತ್ತಿದ್ದೆ. ನಮ್ಮೂರ ಟೆಂಟಿನಲ್ಲಿ ಗಾಂಧಿ ಕ್ಲಾಸಿಗೆ ಹೋಗಿ ಕೂತರೆ ಅಕ್ಕಪಕ್ಕದವರು ಸರಿದು ಜಾಗ ಬಿಡುತ್ತಿದ್ದರು. ಆ ಧೈರ್ಯದ ಮೇಲೆ ಪೊಲೀಸ್ ಆಯ್ಕೆಗೆ ಹೋದೆ.

ಎದೆಗೆ ಟೇಪು ಸುತ್ತಿದಾಗ ನಾನೇ ರಾಜ. ಆಮೇಲೆ ಓಟ. ಮೈದಾನಕ್ಕೆ 4 ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ. ಎರಡನೆಯದರಲ್ಲಿ ಬಾಯೆಲ್ಲ ಒಣಗಿ ಕಬ್ಬಿಣದ ರುಚಿ. ಮೂರನೆಯದರಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿತು. ಸುಣ್ಣದ ಗೆರೆಯ ಪಕ್ಕ ಮಂಡಿಯೂರಿ ಕೂತುಬಿಟ್ಟೆ. ಕಡ್ಡಿಯ ಹಾಗಿದ್ದ ಒಬ್ಬ ಹುಡುಗ ಬರಿಗಾಲಲ್ಲಿ ನನ್ನನ್ನು ದಾಟಿಕೊಂಡು ಹೋದ. ಅವನು ಪಾಸಾದ. ನಾನು ಕೊನೆ ಬಸ್ಸು ಹತ್ತಿ ಊರಿಗೆ ಬಂದೆ. ಅಪ್ಪ ಏನೂ ಕೇಳಲಿಲ್ಲ. ಅಮ್ಮ ಸುಮ್ಮನೆ ತಟ್ಟೆ ಹಾಕಿದಳು. ಆ ರಾತ್ರಿ ಉಂಡ ಅನ್ನ ಇವತ್ತಿಗೂ ಗಂಟಲಲ್ಲಿದೆ ಅಂದುಕೊಳ್ಳಿ.

ನನ್ನ ತೋಳು ಸುಳ್ಳಾಗಿರಲಿಲ್ಲ. ಆದರೆ ಮೈ ಅಂದರೆ ತೋಳೊಂದೇ ಅಲ್ಲ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗ ತೆರೆಯ ವಿಷಯಕ್ಕೆ ಬನ್ನಿ. ಹೀರೋ ಷರಟು ಹರಿದುಕೊಂಡು ನಿಲ್ಲುವ ಆ ಒಂದು ಶಾಟ್ ಇದೆಯಲ್ಲ, ಶಿಳ್ಳೆ ಹೊಡೆದು ಹೊಡೆದು ನಿಮ್ಮ ಗಂಟಲು ಕಟ್ಟುವ ಶಾಟ್, ಅದರ ಹಿಂದೆ ತಿಂಗಳುಗಟ್ಟಲೆ ಪಥ್ಯ ಇರುತ್ತೆ. ಕ್ಯಾಮೆರಾ ಓಡುವ ಮುಂಚೆ ಡಂಬೆಲ್ ಎತ್ತಿ ಸ್ನಾಯು ಉಬ್ಬಿಸಿಕೊಳ್ಳುವುದು ಇರುತ್ತೆ. ಮೈಗೆ ಎಣ್ಣೆ, ಪಕ್ಕದಿಂದ ದೀಪ. ಮಾರನೆಯ ದಿನ ಅದೇ ಮೈ ಅದೇ ಥರ ಕಾಣೋಲ್ಲ. ಅದು ಅವರ ಕಸುಬು, ಅದಕ್ಕೆ ಕೈ ಮುಗಿಯೋಣ. ಆದರೆ ಒಂದು ದಿನದ ಶಾಟನ್ನು ಅಳತೆಗೋಲು ಮಾಡಿಕೊಂಡು 365 ದಿನ ಬದುಕೋಕಾಗುತ್ತಾ?

ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದ ಕೆ.ವಿ. ಅಯ್ಯರ್, ಹೌದು, 'ಶಾಂತಲಾ' ಕಾದಂಬರಿ ಬರೆದವರೇ, ಭಾರ ಎತ್ತಿಸುವುದರ ಜೊತೆಗೆ ಆಸನ, ಸೂರ್ಯನಮಸ್ಕಾರಗಳನ್ನೂ ಸೇರಿಸಿ ಕಲಿಸಿದವರು. 1975ರ 'ಮಯೂರ'ದಲ್ಲಿ ಅಣ್ಣಾವ್ರಿಗೆ ಎದುರಾಗಿ ಕುಸ್ತಿಗೆ ಇಳಿಯುವ ಎಂ.ಪಿ. ಶಂಕರ್ ಮೈಸೂರಿನ ಗರಡಿಯಿಂದ ಬಂದ ಪೈಲ್ವಾನ್. ಗರಡಿಯ ಮಣ್ಣಿನಲ್ಲಿ ಉಸ್ತಾದರು ಹುಡುಗನ ತೋಳು ಹಿಡಿದು ನೋಡುವುದಕ್ಕಿಂತ ಹೆಚ್ಚಾಗಿ, "ಇವನಿಗೆ ದಮ್ಮು ಎಷ್ಟಿದೆ?" ಅಂತ ನೋಡುತ್ತಿದ್ದರು. ದಮ್ಮು ಇಲ್ಲದವನು ಅಖಾಡದಲ್ಲಿ ಹೆಚ್ಚು ಹೊತ್ತು ನಿಲ್ಲೋಲ್ಲ.

ಇವತ್ತಿನ ವ್ಯಾಯಾಮ ಶಾಸ್ತ್ರವೂ ಅದನ್ನೇ ಹೇಳುತ್ತೆ. ಮೈಗಟ್ಟಿತನಕ್ಕೆ 5 ಕಂಬ: ದಮ್ಮು, ಕಸುವು, ತಾಳಿಕೆ, ಬಾಗು, ಮೈಯಲ್ಲಿರುವ ಕೊಬ್ಬಿನ ಪ್ರಮಾಣ. ಒಂದು ಕಂಬ ದಪ್ಪ ಕಟ್ಟಿ ಉಳಿದ ನಾಲ್ಕನ್ನು ಬಿಟ್ಟರೆ ಚಪ್ಪರ ನಿಲ್ಲುತ್ತಾ? ಈ ಐದನ್ನೂ ಅಳೆಯೋದಕ್ಕೆ ಒಂದು ಗಡಿಯಾರ, ಒಂದು ಟೈಲರ್ ಟೇಪು, ಒಂದು ನೋಟ್ ಪುಸ್ತಕ ಸಾಕು.

ಆದರೆ ಮೊದಲು ಒಂದು ಎಚ್ಚರಿಕೆ, ಇದನ್ನು ದಾಟಿ ಮುಂದೆ ಹೋಗಬೇಡಿ. ಓಡುವಾಗ ಎದೆ ಹಿಡಿದಂತಾಗಿದ್ದರೆ, ಯಾವಾಗಲಾದರೂ ತಲೆ ಸುತ್ತಿ ಬಿದ್ದಿದ್ದರೆ, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ, ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಮೈದಾನಕ್ಕೆ. ಜ್ವರ ಇದ್ದಾಗ ಯಾರೂ ಓಡಬೇಡಿ. ಜ್ವರದಲ್ಲಿ ಮೈ ದಂಡಿಸಿ ಗಂಡಸುತನ ತೋರಿಸುವವರಿದ್ದಾರೆ. ಕೆಲವು ಜ್ವರಗಳು ಹೃದಯದ ಸ್ನಾಯುವಿಗೇ ಉರಿಯೂತ ತರುತ್ತವೆ. ಅಂಥ ಹೊತ್ತಿನಲ್ಲಿ ಓಡಿದರೆ ಪ್ರಾಣಕ್ಕೇ ಅಪಾಯ.

ಸರಿ, ಪುಸ್ತಕ ತೆಗೀರಿ.

ನಾಡಿ: ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಹಾಸಿಗೆಯ ಮೇಲೇ ಇದ್ದುಕೊಂಡು ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ಇನ್ನೊಂದು ಕೈಯ 3 ಬೆರಳು ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದಕ್ಕೆ ಅದರದೇ ಬಡಿತ ಇರುತ್ತೆ. ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಿಗೆ 60ರಿಂದ 100ರವರೆಗೆ ಸಹಜ ಅಂತ ಲೆಕ್ಕ. ಚೆನ್ನಾಗಿ ಪಳಗಿದ ಓಟಗಾರರಿಗೆ 60ಕ್ಕಿಂತ ಕೆಳಗೂ ಇರುತ್ತೆ. ಅವರ ಹೃದಯ ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತೆ, ಹಾಗಾಗಿ ಅವಸರ ಇಲ್ಲ. ನಿಮ್ಮದು 88 ಇದ್ದು, 3 ತಿಂಗಳ ನಡಿಗೆ ಓಟದ ಮೇಲೆ 76ಕ್ಕೆ ಇಳಿದರೆ ಅದಕ್ಕಿಂತ ದೊಡ್ಡ ಪದಕ ಬೇಡ. ಸಿಗರೇಟು ಸೇದಿ ಎಣಿಸಿ ನೋಡಿ, ಏರಿರುತ್ತೆ. ಒಂದು ಸಲ ಹಾಗೆ ಎಣಿಸಿದವನು ಪ್ಯಾಕೆಟ್ ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದೀನಿ.

ದಮ್ಮು: 1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು. 12 ನಿಮಿಷದಲ್ಲಿ ಎಷ್ಟು ದೂರ ಹೋಗ್ತೀರಿ, ಅಷ್ಟೇ. ಓಡಿ, ಸುಸ್ತಾದರೆ ನಡೀರಿ, ಮತ್ತೆ ಓಡಿ. 20ರಿಂದ 29 ವಯಸ್ಸಿನ ಗಂಡಸರಿಗೆ 2,400 ಮೀಟರ್ ದಾಟಿದರೆ ಒಳ್ಳೆಯದು, 2,800 ದಾಟಿದರೆ ಬಲು ಸೊಗಸು, 1,600ಕ್ಕಿಂತ ಕಡಿಮೆ ಬಂದರೆ ಕೆಲಸ ಬಹಳ ಇದೆ. ನಿಮ್ಮೂರ ಕಾಲೇಜು ಮೈದಾನ 400 ಮೀಟರಿನದಾದರೆ ಲೆಕ್ಕ ಸುಲಭ: 4 ಸುತ್ತು ಆಗದವನು ನಾನು (ಆಗಿನ ನಾನು!), 6 ಸುತ್ತು ಗಟ್ಟಿಗ, 7 ಸುತ್ತು ಶೂರ. ವರ್ಷಗಟ್ಟಲೆ ಓಡದವರು ಮೊದಲ ದಿನವೇ ಈ ಪರೀಕ್ಷೆಗೆ ಇಳಿಯಬೇಡಿ. 3-4 ವಾರ ಬಿರುಸಾಗಿ ನಡೆದು, ಮೈ ಪಳಗಿಸಿಕೊಂಡು ಆಮೇಲೆ ಓಡಿ.

ಓಟ ನಿಂತ ಕೂಡಲೇ ನಾಡಿ ಎಣಿಸಿ: 10 ಸೆಕೆಂಡ್ ಎಣಿಸಿ 6ರಿಂದ ಗುಣಿಸಿ. ಸರಿಯಾಗಿ ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಗಟ್ಟಿ ಹೃದಯ ಬೇಗ ಶಾಂತವಾಗುತ್ತೆ. ಆ ಒಂದು ನಿಮಿಷದಲ್ಲಿ 12 ಅಥವಾ ಅದಕ್ಕಿಂತ ಕಡಿಮೆ ಬಡಿತ ಇಳಿಯುವುದು ಒಳ್ಳೆಯ ಲಕ್ಷಣವಲ್ಲ ಅಂತ ಅಮೆರಿಕದ ವೈದ್ಯರು 1999ರಲ್ಲೇ ಬರೆದಿದ್ದಾರೆ. ಎರಡು ಮೂರು ದಿನ ನೋಡಿ, ಪ್ರತಿಸಲವೂ ಹಾಗೇ ಬಂದರೆ ಡಾಕ್ಟರಿಗೆ ತೋರಿಸಿ.

ಕಸುವು: ಕೊಂಬೆ ಆಗಲಿ ಕಂಬಿ ಆಗಲಿ, ಹಿಡಿದು ನೇತಾಡಿ, ಗದ್ದ ಕಂಬಿಯ ಮೇಲೆ ಬರುವಂತೆ ಮೈ ಎತ್ತಿ. ಕಾಲು ಒದೆಯಬಾರದು, ಜೋಲಿ ಹೊಡೆಯಬಾರದು. 2022ರಲ್ಲಿ ಅಗ್ನಿವೀರರ ಭರ್ತಿ ಶುರುವಾದಾಗ ಭೂಸೇನೆಯ ರ‍್ಯಾಲಿಯಲ್ಲಿ ಇಂಥ 10 ಎತ್ತಿಗೆ 40 ಅಂಕ, 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ ಇಟ್ಟಿದ್ದರು. ತೋಳಿನ ಸುತ್ತಳತೆಗೆ ಎಷ್ಟು ಅಂಕ? ಸೊನ್ನೆ, ಸ್ವಾಮಿ, ಸೊನ್ನೆ! ಒಂದೂ ಆಗೋಲ್ಲವೇ? ನಾಚಿಕೆ ಬೇಡ, ಪುಸ್ತಕದಲ್ಲಿ 0 ಅಂತಲೇ ಬರೀರಿ. ಬರೀ ನೇತಾಡೋದರಿಂದ ಶುರು ಮಾಡಿ.

ತಾಳಿಕೆ: ಇದು ಒಂದು ಸಲ ಎತ್ತುವ ಬಲ ಅಲ್ಲ, ಮತ್ತೆ ಮತ್ತೆ ಮಾಡುವ ಬಲ. ಪುಷ್ ಅಪ್ ಎಲ್ಲರಿಗೂ ಗೊತ್ತು, ಆದರೆ ಸರಿಯಾಗಿ ಮಾಡೋರು ಕಮ್ಮಿ. ತಲೆಯಿಂದ ಹಿಮ್ಮಡಿಯವರೆಗೆ ಮೈ ಹಲಗೆಯ ಹಾಗೆ ನೆಟ್ಟಗಿರಬೇಕು. ಸೊಂಟ ಜೋತುಬಿದ್ದರೆ ಅದು ಲೆಕ್ಕಕ್ಕಿಲ್ಲ. ನಿಲ್ಲಿಸದೆ ಎಷ್ಟು ಬಂತು? ಇಪ್ಪತ್ತರ ಹರೆಯದವರಿಗೆ 22ರಿಂದ 28 ಬಂದರೆ ಒಳ್ಳೆಯದು, 36 ದಾಟಿದರೆ ಅತ್ಯುತ್ತಮ, 17ಕ್ಕಿಂತ ಕಡಿಮೆಯಾದರೆ ಬೆವರು ಸುರಿಸಬೇಕು. ಇದು ಬರೀ ತೋಳಿನ ಮಾತಲ್ಲ. ಅಮೆರಿಕದಲ್ಲಿ ಬೆಂಕಿ ಆರಿಸುವ ದಳದ 1,104 ಗಂಡಸರನ್ನು 10 ವರ್ಷ ಗಮನಿಸಿ 2019ರಲ್ಲಿ ಒಂದು ವರದಿ ಬಂತು. 40ಕ್ಕಿಂತ ಹೆಚ್ಚು ಪುಷ್ ಅಪ್ ಮಾಡಬಲ್ಲವರಲ್ಲಿ ಹೃದ್ರೋಗ, 10 ಕೂಡ ಮಾಡಲಾಗದವರಿಗಿಂತ ಎಷ್ಟೋ ಕಡಿಮೆ ಇತ್ತು. ಪುಷ್ ಅಪ್ ಏನು ಸಂಜೀವಿನಿಯಲ್ಲ. ಆದರೆ ಅಷ್ಟು ಮಾಡಬಲ್ಲ ಮೈ ಒಳಗೂ ಚೊಕ್ಕಟವಾಗಿರುವ ಸಾಧ್ಯತೆ ಹೆಚ್ಚು.

ಬಾಗು: ಅಣ್ಣಾವ್ರು 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಆಸನ ಹಾಕಿದ್ದು ನೆನಪಿದೆಯಲ್ಲ? ಆಗ ಅವರಿಗೆ 50 ದಾಟಿತ್ತು. ಡೂಪ್ ಇಲ್ಲದೆ ಆ ಮೈ ಬೆತ್ತದ ಹಾಗೆ ಬಾಗುತ್ತಿತ್ತು! ಇಪ್ಪತ್ತರ ನೀವು ಕಾಲು ನೀಡಿ ಕೂತು, ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟಿ ನೋಡೋಣ. ಎಷ್ಟು ಬೆರಳು ದೂರ ಉಳಿಯಿತೋ ಬರೆದಿಡಿ. ಇನ್ನೊಂದು ಪರೀಕ್ಷೆ ನಮ್ಮ ಊಟದ ಪಂಕ್ತಿಯಲ್ಲೇ ಇದೆ. ನಿಂತಲ್ಲಿಂದ ಕೈ, ಮಂಡಿ ಯಾವುದನ್ನೂ ಊರದೆ ನೆಲಕ್ಕೆ ಚಕ್ಕಳಮಕ್ಕಳ ಕೂತು, ಹಾಗೇ ಎದ್ದು ನಿಲ್ಲಬೇಕು. ಬ್ರೆಜಿಲ್ ದೇಶದ ವೈದ್ಯರು ಇದಕ್ಕೆ 10 ಅಂಕ ಇಟ್ಟಿದ್ದಾರೆ, ಕೈಯೋ ಮಂಡಿಯೋ ಊರಿದ ಪ್ರತಿ ಸಲಕ್ಕೆ 1 ಅಂಕ ಕಳೀತಾರೆ. ಮದುವೆ ಮನೆಯಲ್ಲಿ ಎಲೆ ಮುಂದಿನಿಂದ ಏಳುವಾಗ ಪಕ್ಕದವರ ಹೆಗಲು ಹಿಡಿಯುವ ಹರೆಯದವರೇ, ನಿಮಗೇ ಹೇಳ್ತಾ ಇರೋದು!

ಕೊಬ್ಬು: ಪ್ಯಾಂಟಿನ ಸೈಜು ನಂಬಬೇಡಿ, ಅದು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತೆ. ಉಸಿರು ಸಹಜವಾಗಿ ಬಿಟ್ಟು, ಹೊಟ್ಟೆ ಎಳಕೊಳ್ಳದೆ, ಹೊಕ್ಕಳ ಮಟ್ಟದಲ್ಲಿ ಟೇಪು ಸುತ್ತಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು, ಮೇಲ್ಮಿತಿ. ಇನ್ನೂ ಸುಲಭದ ಸೂತ್ರ ಬೇಕಾ? ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ತೂಕದ ಲೆಕ್ಕಕ್ಕೆ ಬಿ.ಎಂ.ಐ. ಅಂತ ಒಂದಿದೆ: ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. ನಮ್ಮವರಿಗೆ 23 ದಾಟಿದರೆ ತೂಕ ಜಾಸ್ತಿ ಅಂತ ಅರ್ಥ. ಆದರೆ ತಕ್ಕಡಿಗೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗೋಲ್ಲ. ಹಾಗಾಗಿ ಟೇಪೇ ಹೆಚ್ಚು ಸತ್ಯವಂತ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇದು ನಮ್ಮ ಜನರ ಮಾಮೂಲು ಮೈಕಟ್ಟು. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಇದೇ ಹೆದ್ದಾರಿ.

ಇಷ್ಟು ಬರೆದಿಟ್ಟಿರಾ? ಈಗ ಗದಗಿನ ತಮ್ಮನಿಗೆ ಉತ್ತರ.

2021ರ ಅಕ್ಟೋಬರ್ 29, ಶುಕ್ರವಾರ. ಶಿವಣ್ಣನ 'ಭಜರಂಗಿ 2' ತೆರೆ ಕಂಡ ದಿನ. ಬೆಳಿಗ್ಗೆ ಥಿಯೇಟರ್ ಮುಂದೆ ಪಟಾಕಿ, ಮಧ್ಯಾಹ್ನದ ಹೊತ್ತಿಗೆ ಅಪ್ಪು ಇಲ್ಲ ಅನ್ನೋ ಸುದ್ದಿ. 46 ವರ್ಷ. ಆಟಗಳು ನಿಂತವು, ಊರೇ ನಿಂತಿತು. ಆಮೇಲಿನ ವಾರಗಳಲ್ಲಿ ಹೃದಯದ ಆಸ್ಪತ್ರೆಗಳ ಮುಂದೆ ಹುಡುಗರು ಸಾಲು ನಿಂತರು. ಕೆಲವರು ಜಿಮ್ಮಿಗೆ ಬೆನ್ನು ಹಾಕಿದರು. ನಿನ್ನ ತಾಯಿ ಹೆದರಿದ್ದರಲ್ಲಿ ತಪ್ಪಿಲ್ಲ ತಮ್ಮಾ. ಅವತ್ತು ಹೆದರದ ತಾಯಿ ಕರ್ನಾಟಕದಲ್ಲಿ ಯಾರಿದ್ದರು?

ಆದರೆ ಅವ್ವನಿಗೆ ಹೀಗೆ ಹೇಳು. ನಾವು ಮೇಲೆ ಮಾಡಿದ ಪರೀಕ್ಷೆಗಳು ಮೈ ಎಷ್ಟು ಕೆಲಸ ಮಾಡುತ್ತೆ ಅಂತ ಹೇಳುತ್ತವೆ. ರಕ್ತನಾಳದ ಒಳಗೆ ಏನಿದೆ ಅಂತ ಹೇಳೋಲ್ಲ. ಅದನ್ನು ಡಾಕ್ಟರೇ ನೋಡಬೇಕು. ಕಸರತ್ತು ತಪಾಸಣೆಗೆ ಬದಲಿಯಲ್ಲ, ತಪಾಸಣೆ ಕಸರತ್ತಿಗೆ ಬದಲಿಯಲ್ಲ. ಎರಡೂ ಎತ್ತುಗಳು, ಒಂದೇ ನೊಗ. ಕಸರತ್ತು ಬಿಟ್ಟು ಕೂತವರಿಗೆ ಹೃದ್ರೋಗದ ಭಯ ಹೆಚ್ಚೇ ಹೊರತು ಕಡಿಮೆ ಅಲ್ಲ. ಅವ್ವನನ್ನೇ ಕರಕೊಂಡು ಹತ್ತಿರದ ಆಸ್ಪತ್ರೆಗೆ ಹೋಗು. ಇಬ್ಬರೂ ಬಿ.ಪಿ. ನೋಡಿಸಿಕೊಳ್ಳಿ: 120/80ರ ಒಳಗಿದ್ದರೆ ಸಂತೋಷ, ಪದೇ ಪದೇ 140/90 ಮುಟ್ಟಿದರೆ ಚಿಕಿತ್ಸೆ ಬೇಕು. ರಕ್ತದ ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸು. ನಿಮ್ಮ ತಂದೆಗೋ ಅಣ್ಣನಿಗೋ 55 ತುಂಬುವ ಮುಂಚೆ ಹೃದಯಾಘಾತ ಆಗಿದ್ದರೆ ಅದನ್ನು ಮುಚ್ಚಿಡದೆ ಹೇಳು. ಡಾಕ್ಟರು ಸರಿ ಅಂದ ಮೇಲೆ ಅವ್ವ ಬಾಗಿಲಿಗೆ ಅಡ್ಡ ನಿಲ್ಲೋಲ್ಲ. ನೀನೂ ಒಮ್ಮೆಲೇ ಗರಡಿಗೆ ನುಗ್ಗಬೇಡ. ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆ, 2 ದಿನ ಸ್ನಾಯುವಿನ ಕಸರತ್ತು, ಇದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ. ಬಿರುಸು ಅಂದರೆ ಎಷ್ಟು? ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು!

ಇದೊಂದು ಮಾತು ಎಲ್ಲರಿಗೂ. ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು ಬಂದರೆ "ಗ್ಯಾಸ್ ಇರಬೇಕು ಗುರೂ" ಅಂತ ಸೋಡಾ ಕುಡಿದು ಮಲಗಬೇಡಿ. ಒಬ್ಬರೇ ಬೈಕ್ ಹತ್ತಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಯಾರನ್ನಾದರೂ ಕರಕೊಂಡು ಆಸ್ಪತ್ರೆಗೆ ಹೋಗಿ. ಅಲ್ಲಿ ಬರೀ ಗ್ಯಾಸ್ ಅಂತ ಗೊತ್ತಾದರೆ ನಗ್ತಾ ವಾಪಸ್ ಬನ್ನಿ, ನಷ್ಟವೇನು?

ಇನ್ನು ತುಮಕೂರಿನ ತಮ್ಮ. ನೀನು ಕೇಳಿದ್ದು ಒಂದೇ ಪ್ರಶ್ನೆ, ಉತ್ತರವೂ ಒಂದೇ. ಬೇಡ. ಮೈ ಉಬ್ಬಿಸಲು ಕೊಡುವ ಅಂಥ ಇಂಜೆಕ್ಷನ್ ಸಾಮಾನ್ಯವಾಗಿ ಸ್ಟಿರಾಯ್ಡ್ ಆಗಿರುತ್ತೆ. ಅದು ತೋಳಿನ ಸ್ನಾಯುವನ್ನು ಬೆಳೆಸಿದ ಹಾಗೇ ಹೃದಯದ ಗೋಡೆಯನ್ನೂ ದಪ್ಪ ಮಾಡುತ್ತೆ. ಬಿ.ಪಿ. ಏರಿಸುತ್ತೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಸುತ್ತೆ. ವೃಷಣ ಕುಗ್ಗಿ ವೀರ್ಯ ಕಡಿಮೆಯಾಗುತ್ತೆ. ಗಂಡಸಿನ ಎದೆ ಹೆಂಗಸಿನ ಎದೆಯ ಹಾಗೆ ಉಬ್ಬುವುದೂ ಉಂಟು. ಗಂಡಸಾಗಿ ಕಾಣೋದಕ್ಕೆ ಹೋಗಿ ಇಷ್ಟೆಲ್ಲ ಕಳಕೊಳ್ಳಬೇಕಾ? ಹನ್ನೆರಡೂವರೆ ಇಂಚು ಎರಡೇ ತಿಂಗಳಲ್ಲಿ 16 ಆಗೋದು ಸರಿದಾರಿಯಲ್ಲಿ ಸಾಧ್ಯವೇ ಇಲ್ಲ. ಸಾಧ್ಯ ಅಂತ ಹೇಳಿದವನು ನಿನ್ನ ದುಡ್ಡು ನೋಡ್ತಾ ಇದ್ದಾನೆ, ನಿನ್ನ ಮೈ ನೋಡ್ತಾ ಇಲ್ಲ.

ಎರಡು ತಿಂಗಳಲ್ಲಿ ಆಗುವ ಕೆಲಸ ಬೇರೆ ಇದೆ. ಇವತ್ತು ಈ ಎಲ್ಲ ಅಂಕಿಗಳನ್ನು ಬರೆದಿಡು. ಬೇಳೆ, ಮೊಟ್ಟೆ, ಹಾಲು, ಮೊಳಕೆ ಕಾಳು ತಿನ್ನು. ಚೆನ್ನಾಗಿ ನಿದ್ದೆ ಮಾಡು, ನಿದ್ದೆಯಿಲ್ಲದೆ ಸ್ನಾಯು ಬೆಳೆಯೋಲ್ಲ. ಹುಟ್ಟುಹಬ್ಬದ ದಿನ ಬೆಳಿಗ್ಗೆ ಮತ್ತೆ ಅಳೆ. ನಾಡಿ ಸ್ವಲ್ಪ ಇಳಿದಿರುತ್ತೆ, ಸುತ್ತು ಒಂದು ಹೆಚ್ಚಿರುತ್ತೆ, ಸೊಂಟ ಬೆರಳಷ್ಟು ಕರಗಿರುತ್ತೆ. ಕಟೌಟ್ ಪಕ್ಕ ಷರಟು ಹಾಕಿಕೊಂಡೇ ನಿಂತು ನಗು. ಆ ಫೋಟೋ 30 ವರ್ಷ ಆದ ಮೇಲೂ ನೋಡೋಕೆ ನೀನಿರಬೇಕಲ್ಲಪ್ಪಾ!

ಮಿತ್ರರೇ, ಪಕ್ಕದವನ ಅಂಕಿಯ ಜೊತೆ ನಿಮ್ಮದನ್ನು ಹೋಲಿಸಬೇಡಿ. ಹೋದ ತಿಂಗಳ ನೀವೇ ನಿಮಗೆ ಎದುರಾಳಿ. 6 ವಾರಕ್ಕೊಮ್ಮೆ ಅಳತೆ, ನಡುವೆ ಬರೀ ಕೆಲಸ.

ನಿಮ್ಮ ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನಾಚಿಕೊಳ್ಳಬೇಡಿ, ಮೊದಲು ನನ್ನದನ್ನೇ ಹೇಳಿಬಿಡ್ತೀನಿ. ಬೆಳಗಿನ ನಾಡಿ 72. ಸೊಂಟ 37 ಇಂಚು, ಇನ್ನೂ ಇಳಿಸಬೇಕು. ಪುಷ್ ಅಪ್ 14. ಕಾಲ್ಬೆರಳು ಮುಟ್ಟೋಕೆ ಇನ್ನೂ 3 ಬೆರಳು ದೂರ. 12 ನಿಮಿಷದಲ್ಲಿ ನಾಲ್ಕೂವರೆ ಸುತ್ತು.

ಹೌದು, ಮೂರನೇ ಸುತ್ತು ದಾಟಿದೆ. ಇಷ್ಟು ವರ್ಷ ಆದ ಮೇಲೆ.

ಮುಂದಿನ ವಾರ: ಬಸ್ಕಿ ಹೊಡೆದರೆ ಮಂಡಿ ಹೋಗುತ್ತಾ? ಕಾದು ಓದಿ!